ಹಳೆಯ ಶಾಟ್‌ಗನ್‌ಗಳ ಲೇಖಕರಿಗೆ ನುಡಿನಮನ ಬರೆಯುವ ಬಗೆ

ಹಳೆಯ ಶಾಟ್‌ಗನ್‌ಗಳ, ಅಂದರೆ ಒಮ್ಮೆಗೇ ಹಲವು ಸಣ್ಣ ಗುಂಡುಗಳನ್ನು ಹಾರಿಸುವ ಬಂದೂಕುಗಳ ಕುರಿತು ದಶಕಗಟ್ಟಲೆ ಬರೆದವರೊಬ್ಬರು ತೀರಿಕೊಂಡಾಗ ನುಡಿನಮನ ಬರೆಯುವ ಹೊಣೆ ಸಾಮಾನ್ಯವಾಗಿ ಅವರನ್ನು ಓದಿ ಬೆಳೆದ ಸಂಗ್ರಾಹಕರ ಮೇಲೆಯೇ ಬೀಳುತ್ತದೆ. ಬರೆಯಲು ಕೂರುವ ಮೊದಲು ಅವರ ಲೇಖನಗಳನ್ನು ಮತ್ತೊಮ್ಮೆ ಓದಿ, ಅದುವರೆಗೆ ಕಣ್ಣಿಗೆ ಬೀಳದಿದ್ದ ಯಾವ ಸಂಗತಿಯನ್ನು ಅವರು ನಿಮಗೆ ತೋರಿಸಿಕೊಟ್ಟರು ಎಂಬುದನ್ನು ಗುರುತು ಹಾಕಿಕೊಳ್ಳಿ. ‘ಅಪಾರ ಜ್ಞಾನಿ’, ‘ಸಜ್ಜನ’ ಎಂಬ ಮಾತುಗಳು ಯಾರಿಗಾದರೂ ಒಪ್ಪುತ್ತವೆ. ಅದರ ಬದಲು, ಬ್ರಿಟಿಷ್ ನಳಿಗೆಯ ಮೇಲಿನ ‘ನಾಟ್ ಫಾರ್ ಬಾಲ್’ (ಒಂಟಿ ಗುಂಡಿಗಲ್ಲ) ಎಂಬ ಮುದ್ರೆಯನ್ನು 1875ರಿಂದ 1887ರವರೆಗೆ ಚೋಕ್ ಇರುವ, ಅಂದರೆ ಬಾಯಿಯ ಬಳಿ ಕಿರಿದಾಗುವ ನಳಿಗೆಗಳಿಗೆ ಹಾಕುತ್ತಿದ್ದರೆಂದೂ ಅದರಿಂದ ಬಂದೂಕಿನ ಕಾಲವನ್ನು ಅಂದಾಜಿಸಬಹುದೆಂದೂ ನೀವು ಅವರಿಂದಲೇ ಕಲಿತಿದ್ದರೆ, ಆ ಪಾಠವನ್ನೇ ಬರೆಯಿರಿ.

ಎಲ್ಲರಿಗೂ ಗೊತ್ತಿರುವ ಪ್ರಸಂಗದ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಗ್ಲಾಸ್ಗೋದ ಜೆಫ್ರಿ ಬೂತ್ರಾಯ್ಡ್ ಅವರು 1956ರಲ್ಲಿ ಕಾದಂಬರಿಕಾರ ಇಯಾನ್ ಫ್ಲೆಮಿಂಗ್‌ಗೆ ಪತ್ರ ಬರೆದು ಜೇಮ್ಸ್ ಬಾಂಡ್‌ನ ಪಿಸ್ತೂಲು ಸರಿಯಿಲ್ಲವೆಂದು ಆಕ್ಷೇಪಿಸಿದರು, ಮುಂದೆ ಆ ಕಾದಂಬರಿಗಳ ಶಸ್ತ್ರತಜ್ಞನಿಗೆ ಅವರದೇ ಹೆಸರು ಬಂತು. ಕಥೆ ಸೊಗಸಾಗಿದೆ ನಿಜ. ಆದರೆ ಅವರು ಬಹುಕಾಲ ಶ್ರದ್ಧೆಯಿಂದ ಬರೆದದ್ದು ಬ್ರಿಟಿಷ್ ಶಾಟ್‌ಗನ್‌ಗಳ ಮತ್ತು ಅವುಗಳ ತಯಾರಕರ ಇತಿಹಾಸವನ್ನು. ಪಿಸ್ತೂಲಿನ ಕಥೆಗೆ ಒಂದು ವಾಕ್ಯ ಸಾಕು, ಉಳಿದ ಜಾಗವೆಲ್ಲ ಆ ಕೆಲಸಕ್ಕೆ ಸಲ್ಲಬೇಕು.

ಲೇಖಕರ ತಪ್ಪನ್ನು ಮುಚ್ಚಿಡುವುದು ಗೌರವವಲ್ಲವೆಂದು ನನ್ನ ಅಭಿಪ್ರಾಯ. ಡಮಾಸ್ಕಸ್ ನಳಿಗೆಗಳೆಲ್ಲವೂ (ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು ಬೆಸೆದು ಮಾಡಿದವು) ಅಪಾಯಕಾರಿ ಎಂದು ಅವರು ಬರೆದಿದ್ದರೆ, ಪ್ರತಿಯೊಂದು ನಳಿಗೆಯ ಗೋಡೆಯ ದಪ್ಪವನ್ನು ಅಳೆದು, ನುರಿತ ಬಂದೂಕು ಕುಶಲಿಯಿಂದ ಪರೀಕ್ಷಿಸಿದ ಬಳಿಕವೇ ತೀರ್ಮಾನಕ್ಕೆ ಬರಬೇಕೆಂಬ ಇಂದಿನ ತಿಳಿವಳಿಕೆಯನ್ನು ಕಟಕಿಯಿಲ್ಲದೆ ಪಕ್ಕದಲ್ಲಿಡಿ. ಅವರೇ ಮುಂದೆ ತಮ್ಮ ಮಾತನ್ನು ತಿದ್ದಿಕೊಂಡಿದ್ದರೆ ಅದನ್ನು ಮರೆಯದೆ ಹೇಳಿ. ಇನ್ನು ಹೆಸರು, ಇಸವಿಗಳನ್ನು ನೆನಪಿನಿಂದ ಬರೆಯಬೇಡಿ. ಲಂಡನ್ನಿನ ಬಂದೂಕು ತಯಾರಕ ಪರ್ಡಿ ಸಂಸ್ಥೆಯ ಹೆಸರಿನಲ್ಲಿ ಪ್ರಸಿದ್ಧವಾದ, ತಾನಾಗಿ ತೆರೆದುಕೊಳ್ಳುವ ಬಂದೂಕಿನ ರಚನೆಗೆ 1880ರಲ್ಲಿ ಪೇಟೆಂಟ್ ಪಡೆದವರು ಫ್ರೆಡರಿಕ್ ಬೀಸ್ಲಿ. ಇಂಥ ಶ್ರೇಯಸ್ಸನ್ನು ಸರಿಯಾದವರಿಗೆ ಸಲ್ಲಿಸಲು ಶ್ರಮಿಸಿದ ಲೇಖಕರ ನುಡಿನಮನದಲ್ಲೇ ಹೆಸರು ಅದಲುಬದಲಾದರೆ ನಾಚಿಕೆಗೇಡು.

ಕುಟುಂಬದವರ ಒಪ್ಪಿಗೆಯಿಲ್ಲದೆ ಖಾಸಗಿ ಪತ್ರಗಳನ್ನು ಉದ್ಧರಿಸಬಾರದು. ಅವರ ಮನೆ ಎಲ್ಲಿದೆ, ಸಂಗ್ರಹದಲ್ಲಿ ಯಾವ ಬಂದೂಕುಗಳಿವೆ ಎಂಬುದನ್ನಂತೂ ಬರೆಯಲೇಬಾರದು, ಏಕೆಂದರೆ ಅದು ಕಳ್ಳರಿಗೆ ಕೊಟ್ಟ ಆಹ್ವಾನವಾದೀತು.

ನುಡಿನಮನ ಪ್ರಕಟವಾದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಎಷ್ಟೋ ಹಳೆಯ ತಯಾರಕರ ದಾಖಲೆ ಪುಸ್ತಕಗಳು ಇಂದು ಉಳಿದಿಲ್ಲವಾದ್ದರಿಂದ, ಲೇಖಕರು ತಾವೇ ನೋಡಿ ಬರೆದಿಟ್ಟ ಕ್ರಮಸಂಖ್ಯೆಗಳು, ನಳಿಗೆಯ ಅಳತೆಗಳು ಮತ್ತು ಪ್ರೂಫ್ ಮುದ್ರೆಗಳ (ನಳಿಗೆಯ ಬಲವನ್ನು ಪರೀಕ್ಷಿಸಿದ ಬಳಿಕ ಒತ್ತುವ ಗುರುತುಗಳ) ಚಿತ್ರಗಳು ಕೆಲವೊಮ್ಮೆ ಏಕೈಕ ಆಧಾರವಾಗಿರುತ್ತವೆ. ಕುಟುಂಬದವರು ಒಪ್ಪಿದರೆ ಆ ಟಿಪ್ಪಣಿ ಪುಸ್ತಕಗಳನ್ನು ಪುಟಗಳ ಕ್ರಮ ಕೆಡದಂತೆ ಸ್ಕ್ಯಾನ್ ಮಾಡಿ, ಲೇಖಕರ ಬರಹಕ್ಕೂ ನೀವು ಸೇರಿಸಿದ ವಿವರಣೆಗೂ ವ್ಯತ್ಯಾಸ ತಿಳಿಯುವಂತೆ ಗುರುತಿಟ್ಟು, ಒಂದು ಪ್ರತಿಯನ್ನು ಮನೆಯವರಿಗೂ ಇನ್ನೊಂದನ್ನು ಅದನ್ನು ಕಾಪಾಡಬಲ್ಲ ಗ್ರಂಥಾಲಯಕ್ಕೋ ವಸ್ತುಸಂಗ್ರಹಾಲಯಕ್ಕೋ ತಲುಪಿಸಿ.