ಆರ್ಕೆಸ್ಟ್ರಾ ಬಿಡದೆ ಒಂದು ಸಿಂಥ್-ಪಾಪ್ ಹಾಡು ಕಟ್ಟುವುದು ಹೇಗೆ

ಸಿಂಥ್-ಪಾಪ್ ಎಂದರೆ ಸಿಂಥಸೈಜರ್ (ಸಿಂಥ್), ಅಂದರೆ ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯದ ಮೇಲೆ ಕಟ್ಟಿದ ಪಾಪ್ ಹಾಡು. ಡಿಪೇಶ್ ಮೋಡ್, ಯಾಝೂ ಎಂಬ ಬ್ರಿಟಿಷ್ ತಂಡಗಳಿಂದ ಆಗಲೇ ಹೆಸರಾಗಿದ್ದ ಸಂಗೀತಗಾರ ವಿನ್ಸ್ ಕ್ಲಾರ್ಕ್ 1983ರಲ್ಲಿ ರೆಕಾರ್ಡಿಂಗ್ ಎಂಜಿನಿಯರ್ ಎರಿಕ್ ರ‍್ಯಾಡ್‌ಕ್ಲಿಫ್ ಜೊತೆ 'ದಿ ಅಸೆಂಬ್ಲಿ' ತಂಡ ಕಟ್ಟಿದರು. ಹಾಡಿಗೊಬ್ಬ ಗಾಯಕ ಎಂಬುದು ಯೋಜನೆ. ಹೊರಬಂದದ್ದು ಫಿಯರ್ಗಲ್ ಶಾರ್ಕಿ ಹಾಡಿದ 'ನೆವರ್ ನೆವರ್' ಒಂದೇ ಸಿಂಗಲ್. ಅದು ಬ್ರಿಟನ್ನಿನ ಚಾರ್ಟಿನಲ್ಲಿ 4ನೇ ಸ್ಥಾನಕ್ಕೇರಿತು. ಹುಬ್ಬಳ್ಳಿ-ಧಾರವಾಡದ ಆರ್ಕೆಸ್ಟ್ರಾ ಕಲಾವಿದರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ. ಮದುವೆ ಸೀಸನ್ ಮುಗಿದ ಮೇಲೆ ಕೀಬೋರ್ಡಿನವರೊಬ್ಬರು, ಮಿಕ್ಸಿಂಗ್ ಬಲ್ಲವರೊಬ್ಬರು, ಹೊರಗಿನದೊಂದು ದನಿ ಸಾಕು.

ಮೊದಲು ಕೀಬೋರ್ಡಿನ 'ಸ್ಟೈಲ್' (ತಾನೇ ತಾಳ, ಹಿಮ್ಮೇಳ ನುಡಿಸುವ ಸೌಲಭ್ಯ) ಬಂದ್ ಮಾಡಿ. ಈ ಸಂಗೀತದಲ್ಲಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಒತ್ತಿ ತುಂಬುವುದಿಲ್ಲ, ಒಂದೊಂದೇ ಸ್ವರದ ಎಳೆಗಳನ್ನು ಹೆಣೆಯುತ್ತಾರೆ. ಕ್ಲಾರ್ಕ್ ಬಳಸಿದ, ತುಂಬಿಟ್ಟ ಸ್ವರಗಳನ್ನು ಸಿಂಥ್‌ನಲ್ಲಿ ತಾನೇ ನುಡಿಸುವ ರೋಲ್ಯಾಂಡ್ ಎಂಸಿ-4 ಸೀಕ್ವೆನ್ಸರ್‌ಗೆ ಇದ್ದದ್ದೇ 4 ಚಾನೆಲ್. ಪ್ರತಿ ಸ್ವರದ ಎತ್ತರ, ಅಂತರ, ಉದ್ದವನ್ನು ಅಂಕಿಗಳಲ್ಲಿ ತುಂಬಬೇಕಿತ್ತು. ನೀವೂ ನಾಲ್ಕಕ್ಕೇ ನಿಲ್ಲಿ: ಡ್ರಮ್, ಬೇಸ್, ಆರ್ಪೆಜಿಯೊ (ಕಾರ್ಡಿನ ಸ್ವರಗಳನ್ನು ಒಂದಾದ ಮೇಲೊಂದು ನುಡಿಸುವ ಎಳೆ), ಪ್ಯಾಡ್ (ಹಿನ್ನೆಲೆಯಲ್ಲಿ ಎಳೆದು ಹಿಡಿದ ಸದ್ದು). ಕೈಯಲ್ಲಿ ನುಡಿಸದೆ ಲ್ಯಾಪ್‌ಟಾಪಿನ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಮೌಸ್‌ನಿಂದ ಸ್ವರ ಇಡಿ. ಸಿಂಥ್‌ಗೆ ಉಚಿತವಾಗಿ ಸಿಗುವ ಸಾಫ್ಟ್‌ವೇರ್ ಸರ್ಜ್ ಎಕ್ಸ್‌ಟಿ ಸಾಕು.

ಬೇಸ್‌ಗೆ ಎರಡು ಸಾ-ಟೂತ್ (ಗರಗಸದ ಹಲ್ಲಿನಾಕಾರದ) ಅಲೆ ತೆಗೆದುಕೊಂಡು ಒಂದನ್ನು 7 ಸೆಂಟ್ (ಪಕ್ಕಪಕ್ಕದ ಎರಡು ಕೀಲಿಗಳ ಅಂತರದ ನೂರನೇ ಒಂದು ಪಾಲೇ ಒಂದು ಸೆಂಟ್) ಮೇಲೆ ಸರಿಸಿ. ಎತ್ತರದ ಸದ್ದು ತಡೆಯುವ ಲೋ-ಪಾಸ್ ಫಿಲ್ಟರಿನ ಕಟ್‌ಆಫ್ 350 ಹರ್ಟ್ಸ್ ಆಸುಪಾಸು ಇರಲಿ. ಫಿಲ್ಟರ್ ತೆರೆದು ಮುಚ್ಚುವ ವೇಗ ನಿರ್ಧರಿಸುವ ಎನ್ವೆಲಪ್‌ನಲ್ಲಿ ಅಟ್ಯಾಕ್ 0, ಡಿಕೇ 200 ಮಿಲಿಸೆಕೆಂಡ್, ಸಸ್ಟೇನ್ 0. ಒಂದು ಸ್ವರ ದಪ್ಪ, ಇನ್ನೊಂದು ತೆಳು ಕೇಳಿಸಿದರೆ ಎರಡೂ ಅಲೆಗಳು ಒಂದನ್ನೊಂದು ಅಳಿಸುತ್ತಿವೆ ಎಂದರ್ಥ; ರೀಟ್ರಿಗರ್ (ಪ್ರತಿ ಸ್ವರಕ್ಕೂ ಅಲೆಯನ್ನು ಒಂದೇ ಬಿಂದುವಿನಿಂದ ಶುರುಮಾಡುವ ಗುಂಡಿ) ಆನ್ ಮಾಡಿದರೆ ಸರಿಹೋಗುತ್ತದೆ.

ಟೆಂಪೊ ನಿಮಿಷಕ್ಕೆ 120 ಬೀಟ್ ಇಟ್ಟರೆ ಒಂದು ಬೀಟಿಗೆ 500 ಮಿಲಿಸೆಕೆಂಡ್, ಕಾಲು ಬೀಟಿಗೆ 125. ಆರ್ಪೆಜಿಯೊದ ಸ್ವರಗಳನ್ನು ಅರ್ಧ ಬೀಟಿಗೊಂದರಂತೆ ಇಟ್ಟು, ಪ್ರತಿಯೊಂದನ್ನೂ 60 ಮಿಲಿಸೆಕೆಂಡಿಗೆ ಕತ್ತರಿಸಿ, 375ರ ಡಿಲೇ ಕೊಡಿ. ಮುಕ್ಕಾಲು ಬೀಟಿನ ಆ ಪ್ರತಿಧ್ವನಿ ಖಾಲಿ ಬಿಟ್ಟ ಜಾಗದಲ್ಲಿ ಬಂದು ಕೂರುತ್ತದೆ. ಸ್ವರ ಉದ್ದವಾದರೆ ಜಾಗವೇ ಉಳಿಯದೆ ಎಲ್ಲ ಕಲಸಿಹೋಗುತ್ತದೆ.

ನಮ್ಮ ಕಡೆ ನಿಜವಾದ ತೊಡಕು ಶ್ರುತಿಯದು. ಧಾರವಾಡದಲ್ಲೋ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲೋ ಹಿಂದುಸ್ತಾನಿ ಕಲಿತ ದನಿ ಸಿಕ್ಕರೆ ಅದೃಷ್ಟ, ಆದರೆ ಅವರ ಪಟ್ಟಿ (ಅವರ ಷಡ್ಜ ಹಾರ್ಮೋನಿಯಂನ ಯಾವ ಕೀಲಿ ಎಂಬುದು) ಕೇಳದೆ ಒಂದು ಸ್ವರವನ್ನೂ ಇಡಬೇಡಿ. ಕಪ್ಪು ಒಂದು ಎಂದರೆ ಸಿ ಶಾರ್ಪ್, ಕಪ್ಪು ನಾಲ್ಕು ಎಂದರೆ ಜಿ ಶಾರ್ಪ್. ಅವರ ಹಾರ್ಮೋನಿಯಂ ಹಾಡಿನಲ್ಲಿ ಸೇರುವುದಾದರೆ ಅದರ ಎ ಸ್ವರವನ್ನು ಟ್ಯೂನರ್ ಆ್ಯಪ್‌ನಲ್ಲಿ ಅಳೆಯಿರಿ. 440 ಹರ್ಟ್ಸ್ ಬದಲು 445 ತೋರಿಸಿದರೆ ಸಿಂಥ್ ಅನ್ನು ಸುಮಾರು 20 ಸೆಂಟ್ ಮೇಲಕ್ಕೆ ಎತ್ತಿ, ಹಾರ್ಮೋನಿಯಂ ಮುಟ್ಟಬೇಡಿ.

ಇಷ್ಟಾದರೂ ಶುದ್ಧ ಗಾಂಧಾರ ಕಚ್ಚಾಡುತ್ತದೆ. ತಂಬೂರಿಗೆ ಹೊಂದುವ ಗಾಂಧಾರ ಷಡ್ಜದಿಂದ 386 ಸೆಂಟ್, ಕೀಬೋರ್ಡಿನದು 400. ಆ 14 ಸೆಂಟ್‌ನಿಂದಾಗಿ ದನಿಯೇ ಬೇಸುರವಾದಂತೆ ಕೇಳಿಸುತ್ತದೆ, ತಪ್ಪು ಗಾಯಕರದಲ್ಲ. ದನಿಯನ್ನು ಕೀಬೋರ್ಡಿನ ಸ್ವರಕ್ಕೆ ಎಳೆಯುವ ಪಿಚ್ ಕರೆಕ್ಷನ್ ಹಾಕಿದರೆ ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು) ಸಾಯುತ್ತದೆ. ಪ್ಯಾಡ್‌ನಲ್ಲಿ ಸ, ಪ ಮಾತ್ರ ಇಟ್ಟು ಗಾಂಧಾರವನ್ನು ದನಿಗೇ ಬಿಡಿ. ಆರ್ಪೆಜಿಯೊದಲ್ಲಿ ಬೇಕೇ ಬೇಕಾದರೆ ಚಿಕ್ಕದಾಗಿ ಬಂದು ಹೋಗಲಿ.

ದನಿಯನ್ನು 24 ಬಿಟ್‌ನಲ್ಲಿ, ಎತ್ತರದ ಸ್ವರವೂ ಮೈನಸ್ 12 ಡೆಸಿಬಲ್ ದಾಟದಂತೆ ತೆಗೆದುಕೊಳ್ಳಿ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ನಡೆಯುತ್ತಿದ್ದರೆ, ಅದು ಸ್ಕ್ವೇರ್-ವೇವ್ ಮಾದರಿಯದಾದರೆ, ಗುಂಯ್‌ಗುಡುವ ಸದ್ದು ಬರುವ ಸಂಭವ ಹೆಚ್ಚು. ಚಾರ್ಜರ್ ಕಿತ್ತು ಲ್ಯಾಪ್‌ಟಾಪನ್ನು ಬ್ಯಾಟರಿ ಮೇಲೆ ಓಡಿಸಿ. ಹಮ್ ಹೋಗಲೆಂದು ಅರ್ಥ್ ಪಿನ್ ಮುರಿಯುವ ಚಾಳಿ ಸ್ಟೇಜಿನವರಲ್ಲಿದೆ, ಅದನ್ನು ಮಾತ್ರ ಮಾಡಬೇಡಿ. ಉಪಕರಣ ಕೆಟ್ಟರೆ ಕರೆಂಟ್ ಮೈಕಿನ ಮೂಲಕ ಹಾಡುವವರ ತುಟಿಗೇ ಹೊಡೆಯುತ್ತದೆ. ಅದರ ಬದಲು ಕೀಬೋರ್ಡಿಗೂ, ಸದ್ದನ್ನು ಲ್ಯಾಪ್‌ಟಾಪಿಗೆ ಕಳಿಸುವ ಇಂಟರ್‌ಫೇಸಿಗೂ ನಡುವೆ ಒಂದು ಡಿಐ ಬಾಕ್ಸ್ (ವಾದ್ಯದ ಸಿಗ್ನಲನ್ನು ಮೈಕಿನ ಇನ್‌ಪುಟ್‌ಗೆ ಹೊಂದಿಸುವ ಪುಟ್ಟ ಪೆಟ್ಟಿಗೆ) ಇಟ್ಟು ಅದರ ಗ್ರೌಂಡ್-ಲಿಫ್ಟ್ (ಆಡಿಯೊ ಕೇಬಲಿನ ಗ್ರೌಂಡ್ ಮಾತ್ರ ಬಿಡಿಸುವ ಗುಂಡಿ) ಒತ್ತಿ.