ಕಾಡಿನ ನಕ್ಷೆ ಪೋಡಿನವರೇ ಬರೆಯಲಿ, ನಾವು ಜೊತೆಗಿರೋಣ

ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರಲ್ಲಿ ಕುಲಕ್ಕೊಂದು ಎಲ್ಲೆ, ಅಂದರೆ ಆ ಕುಲದ ಪಾಲಿನ ಕಾಡು, ಇದೆ. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಅಂತ ಪೂಜೆಯ ಜಾಗಗಳಿವೆ. ಅಂದರೆ ಯಾವ ಜಾಗ ಯಾತಕ್ಕೆ ಅನ್ನುವ ಲೆಕ್ಕ ಅವರಲ್ಲಿ ಹಿಂದಿನಿಂದಲೂ ಇದೆ, ಸರ್ಕಾರದ ಕಾಗದದಲ್ಲಿ ಇರಲಿಲ್ಲ ಅಷ್ಟೇ. ಕಾಗದಕ್ಕೆ ತರುವ ದಾರಿ 2006ರ ಅರಣ್ಯ ಹಕ್ಕು ಕಾಯ್ದೆ. 2011ರ ಜನವರಿಯಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕೂ, ಅಂದರೆ ಊರಿನವರೆಲ್ಲ ಸೇರಿ ಕಾಡನ್ನು ಬಳಸುವ ಹಕ್ಕೂ, ಸಿಕ್ಕಿತು. ಹುಲಿ ಇರುವ ಕಾಡಿನಲ್ಲಿ ಹಕ್ಕು ಕೊಡೋಕಾಗಲ್ಲ ಅನ್ನುವವರಿಗೆ ಮೊದಲು ಇದನ್ನೇ ಹೇಳಿ.

ಸೋಲಿಗರ ಊರಿಗೆ ಪೋಡು ಅನ್ನುತ್ತಾರೆ. ಬೇರೆ ಪೋಡು, ಹಾಡಿಗಳು ಈ ಹಕ್ಕಿಗೆ ಅರ್ಜಿ ಹಾಕಲು ಹೊರಟಾಗ ಸಹಾಯ ಮಾಡಬೇಕು ಅನಿಸಿದರೆ, ಕರೆದ ಮೇಲೆ ಹೋಗಿ. ಯೋಜನೆ ಬರೆದುಕೊಂಡು ಹೋಗಬೇಡಿ. ಮೊದಲ ದಿನ ಸುಮ್ನೆ ಕೂತು ಕೇಳಿಸಿಕೊಂಡರೂ ಸಾಕು.

ಶುರುವಾಗುವುದು ಗ್ರಾಮಸಭೆಯಿಂದ. ಸಭೆ ಅರಣ್ಯ ಹಕ್ಕು ಸಮಿತಿಯನ್ನು ಆರಿಸುತ್ತದೆ: 10ರಿಂದ 15 ಜನ, ಮೂರರಲ್ಲಿ ಎರಡು ಪಾಲಾದರೂ ಬುಡಕಟ್ಟಿನವರು, ಮೂರರಲ್ಲಿ ಒಂದು ಪಾಲಾದರೂ ಹೆಂಗಸರು. ಹೆಂಗಸರ ಹೆಸರು ಬರೀ ಪುಸ್ತಕದಲ್ಲಿ ಉಳಿಯಬಾರದು. ಜೇನು, ನೆಲ್ಲಿಕಾಯಿಯಂಥ ಕಿರು ಅರಣ್ಯ ಉತ್ಪನ್ನ ಸಂಗ್ರಹಕ್ಕೆ ಕಾಡಿಗೆ ಹೋಗುವವರು ಅವರೂ ಅಲ್ವಾ? ಕೂಲಿ ಇರುವ ದಿನ ಸಭೆ ಇಟ್ಟರೆ ಯಾರು ಬರುತ್ತಾರೆ, ಅದನ್ನು ಅವರನ್ನೇ ಕೇಳಿ ದಿನ ಗೊತ್ತು ಮಾಡಿ.

ಆಮೇಲೆ ನಕ್ಷೆ. ಇದಕ್ಕೇ ಜಾಸ್ತಿ ಸಮಯ ಕೊಡಿ. ಹಿರಿಯರ ಜೊತೆ ಎಲ್ಲೆಯ ಉದ್ದಕ್ಕೂ ನಡೆಯಿರಿ, ಜಿಪಿಎಸ್ ನಿಮ್ಮ ಕೈಯಲ್ಲಿರುವ ಬದಲು ಪೋಡಿನ ಹುಡುಗ ಹುಡುಗಿಯರ ಕೈಯಲ್ಲಿರಲಿ, ಹೆಸರುಗಳನ್ನು ಅವರು ಹೇಳಿದ ಹಾಗೆಯೇ ಬರೆಯಿರಿ, ತಿದ್ದಬೇಡಿ. ಕೆಲವು ದೇವರ ಜಾಗಗಳನ್ನು ಹೊರಗಿನವರಿಗೆ ತೋರಿಸಲು ಇಷ್ಟವಿಲ್ಲದಿದ್ದರೆ ಅಲ್ಲಿಗೆ ನಿಲ್ಲಿಸಿ. ಫೋಟೋ, ನಕ್ಷೆ ಎಲ್ಲ ಗ್ರಾಮಸಭೆಯದ್ದು, ಪ್ರತಿ ಅವರ ಹತ್ತಿರವೇ ಇರಬೇಕು.

ಅರ್ಜಿಗೆ ನಮೂನೆಗಳಿವೆ. ಸ್ವಂತ ಜಮೀನಿಗೆ ಎ, ಸಮುದಾಯದ ಬಳಕೆಗೆ ಬಿ, ಕಾಡನ್ನು ಕಾಯುವ ಮತ್ತು ನಿರ್ವಹಿಸುವ ಹಕ್ಕಿಗೆ ಸಿ. ಸಿ ನಮೂನೆಯನ್ನು ಬಿಡಬೇಡಿ, ಕಾಡಿನ ಯೋಜನೆ ಮಾಡುವ ಬಲ ಬರುವುದು ಅದರಿಂದಲೇ. ಕನಿಷ್ಠ ಎರಡು ಸಾಕ್ಷ್ಯ ಬೇಕು. ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ, ದೇವರ ಜಾಗ, ಸಮಾಧಿಗಳೂ ಸಾಕ್ಷ್ಯವೇ. ಸ್ಥಳ ಪರಿಶೀಲನೆಗೆ ಬಂದ ಅರಣ್ಯ ಮತ್ತು ಕಂದಾಯ ಇಲಾಖೆಯವರು ತಾರೀಖು ಹಾಕಿ ಸಹಿ ಮಾಡಬೇಕು. ನಿಮ್ಮ ಓದು ಬರಹ ಕೆಲಸಕ್ಕೆ ಬರುವುದು ಇಲ್ಲಿ: ಟೈಪ್ ಮಾಡಿ, ಜೆರಾಕ್ಸ್ ಮಾಡಿಸಿ, ಅರ್ಜಿ ಕೊಟ್ಟಾಗ ಸ್ವೀಕೃತಿ ಕೇಳಿ ಪಡೆಯಿರಿ. ಗ್ರಾಮಸಭೆಯಿಂದ ಬಂದ ಅರ್ಜಿಯನ್ನು ನೋಡುವ ಉಪವಿಭಾಗ ಸಮಿತಿಯ ತೀರ್ಮಾನ ಒಪ್ಪಿಗೆ ಆಗದಿದ್ದರೆ 60 ದಿನದೊಳಗೆ ಜಿಲ್ಲಾ ಸಮಿತಿಗೆ ಹೋಗಬಹುದು, ಆ ತಾರೀಖನ್ನು ಗೋಡೆಯ ಮೇಲೆ ಬರೆದಿಡಿ.

ಹಕ್ಕು ಬಂದ ಮೇಲೆ ಕಾಡನ್ನು ಹೇಗೆ ನೋಡಿಕೊಳ್ಳಬೇಕು ಅಂತ ಗ್ರಾಮಸಭೆ ಯೋಜನೆ ಬರೆಯುತ್ತದೆ. ಅಲ್ಲಿ ತರಗು ಬೆಂಕಿಯ ಮಾತು ಖಂಡಿತ ಬರುತ್ತದೆ. ಒಣಗಿದ ಎಲೆಗೆ ಹಾಕುವ ಸಣ್ಣ ಬೆಂಕಿ ಅದು. ಅದು ನಿಂತ ಮೇಲೆಯೇ ಲಂಟಾನ ಅನ್ನುವ ಕಳೆಗಿಡ ಹಬ್ಬಿತು ಅಂತ ಸೋಲಿಗ ಹಿರಿಯರು ಹೇಳುತ್ತಾರೆ. ಬೆಂಕಿ ಅಂದ ಕೂಡಲೇ ನೀವು ಬೆಚ್ಚಿಬಿದ್ದು ಬೇಡ ಅನ್ನಬೇಡಿ. ಯಾವ ತಿಂಗಳು, ಎಲ್ಲಿ, ಎಷ್ಟು ಅಂತ ಕೇಳಿ, ಅವರು ಹೇಳಿದ್ದನ್ನು ಯೋಜನೆಯಲ್ಲಿ ಬರೆಯಲು ಕೈಜೋಡಿಸಿ.