ರಾತ್ರಿ ಡ್ಯೂಟಿಗೆ ಇಬ್ಬರು

ವೃದ್ಧಾಶ್ರಮ ನೋಡಲು ಬರುವವರು ಅಡುಗೆಮನೆ ನೋಡುತ್ತಾರೆ, ಬಾತ್‌ರೂಮ್ ನೋಡುತ್ತಾರೆ, ತಿಂಗಳಿಗೆ ಎಷ್ಟು ಅಂತ ಕೇಳುತ್ತಾರೆ. ರಾತ್ರಿ ಎಷ್ಟು ಜನ ಆಯಾಗಳು ಇರುತ್ತಾರೆ ಅಂತ ಕೇಳುವವರು ಅಪರೂಪ. ನಾನು ಬೇರೆ ಆಶ್ರಮಕ್ಕೆ ಹೋದರೆ ಮೊದಲು ಕೇಳುವುದು ಅದನ್ನೇ.

ಮೈಸೂರಿನ ಹೊರವಲಯದ ಒಂದು ವೃದ್ಧಾಶ್ರಮದ ಉಸ್ತುವಾರಿ ನನ್ನದು. ಮೊದಲು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ನಮ್ಮಲ್ಲಿ ಅರ್ಧದಷ್ಟು ಜನ ಹಾಸಿಗೆ ಹಿಡಿದವರು, ಇಲ್ಲವೇ ಮರೆವಿನ ಕಾಯಿಲೆಯವರು. ನಾನು ಸೇರಿದಾಗ ರಾತ್ರಿಗೆ ಒಬ್ಬರೇ ಆಯಾ. ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲದಿದ್ದರೆ ಸೊಂಟದ ಹಿಂಭಾಗ, ಹಿಮ್ಮಡಿ ಕೆಂಪಾಗುತ್ತವೆ. ಆಮೇಲೆ ಹುಣ್ಣು. ಆದರೆ ದೊಡ್ಡಾಳು ತಾತನನ್ನು ಒಬ್ಬಳೇ ಹೆಂಗಸು ರಾತ್ರಿಯಿಡೀ ಹೊರಳಿಸುವುದು ಆಗದ ಮಾತು. ರಿಜಿಸ್ಟರಿನಲ್ಲಿ ಮಾತ್ರ ಎಲ್ಲ ಗಂಟೆಗೂ ರೈಟ್ ಗುರುತು ಬಿದ್ದಿರುತ್ತಿತ್ತು! ಅದಕ್ಕೆ ಆಕೆಯನ್ನು ಬೈದು ಏನು ಪ್ರಯೋಜನ? ಆಗದ ಕೆಲಸ ಕೊಟ್ಟು ಆಯ್ತು ಅಂತ ಬರೆಸಿಕೊಳ್ಳುತ್ತಿದ್ದವರು ನಾವೇ.

ಇನ್ನೊಬ್ಬರು ಬೇಕು ಎಂದರೆ ಟ್ರಸ್ಟಿಗಳು "ದುಡ್ಡೆಲ್ಲಿದೆ ಮೇಡಂ?" ಅಂದರು. ದುಡ್ಡು ಬರುತ್ತಿತ್ತು, ಹೋಳಿಗೆಗೆ ಹೋಗುತ್ತಿತ್ತು. ಹುಟ್ಟುಹಬ್ಬ, ತಿಥಿ, ಮದುವೆಯಾದ ದಿನ ಅಂತ ದಾನಿಗಳು ಸಿಹಿಯೂಟ ಹಾಕಿಸುತ್ತಾರೆ. ಕೆಲವು ವಾರ ಒಂದಾದ ಮೇಲೊಂದು. ಸಕ್ಕರೆ ಕಾಯಿಲೆಯವರ ಕಥೆ ಮಾರನೇ ದಿನ ಕೇಳಬೇಡಿ. ನಾನು ಒಂದು ಹಾಳೆ ಮಾಡಿ ಆಫೀಸಿನ ಮೇಜಿನ ಮೇಲೆ ಇಟ್ಟೆ. 'ಒಂದು ದಿನದ ಊಟ' ಅನ್ನುವುದರ ಪಕ್ಕದಲ್ಲೇ 'ಒಬ್ಬರಿಗೆ ಒಂದು ತಿಂಗಳ ಡೈಪರ್', 'ಒಂದು ವಾರದ ರಾತ್ರಿ ಡ್ಯೂಟಿ' ಅಂತ ಬರೆದು, ಖರ್ಚು ಎಷ್ಟು ಅಂತಲೂ ಹಾಕಿದೆ. ಕೆಲವರು ಮುಖ ಸಿಂಡರಿಸಿ ಹೋದರು. ಆದರೆ ಒಪ್ಪಿದವರೇ ಜಾಸ್ತಿ. ಹಾಗೆ ಸಿಕ್ಕಿದ್ದು ರಾತ್ರಿಯ ಎರಡನೇ ಆಯಾ.

ಅದೇ ಹಾಳೆಯ ಕೆಳಗೆ ಇನ್ನೊಂದು ಸಾಲು: ಹಿರಿಯರ ಫೋಟೊ ತೆಗೆಯುವಂತಿಲ್ಲ. ಬಾಯಿಗೆ ಕೇಕ್ ಇಡುತ್ತಾ ಫೋಟೊ ತೆಗೆಸಿಕೊಳ್ಳಲು ಬರುವವರಿಗೆ ಇದು ಹಿಡಿಸುವುದಿಲ್ಲ. ಮಲಗಿರುವ ಅಜ್ಜಿಗೆ ಬೇಡ ಅನ್ನಲು ಬಾಯಿ ಬರುವುದಿಲ್ಲ. ಅವರ ಪರವಾಗಿ ನಾನು ಹೇಳಬೇಕು, ಅಲ್ವಾ? ನಿಷ್ಠುರ ಮಾಡಿಕೊಳ್ಳುವುದೂ ಈ ಕೆಲಸದ ಭಾಗ.

ಇನ್ನು ಬೀಳುವ ವಿಷಯ. ವಯಸ್ಸಾದವರು ಬೀಳುತ್ತಾರೆ. ಬಿದ್ದಾಗ "ಯಾರ ಡ್ಯೂಟಿ?" ಅಂತ ಕೂಗಿದರೆ ಮುಂದಿನ ಸಲ ಬಿದ್ದದ್ದು ನಮಗೆ ಗೊತ್ತೇ ಆಗುವುದಿಲ್ಲ. ಎಬ್ಬಿಸಿ, ಮಲಗಿಸಿ, ಸುಮ್ಮನಾಗಿಬಿಡುತ್ತಾರೆ. ಸೊಂಟದ ಮೂಳೆ ಮುರಿದದ್ದು ಎರಡು ದಿನದ ಮೇಲೆ ಕಾಣುತ್ತದೆ. ನಮ್ಮಲ್ಲಿ ಈಗ ಮೊದಲ ಪ್ರಶ್ನೆ "ಎಲ್ಲಿ, ಎಷ್ಟು ಹೊತ್ತಿಗೆ?" ಬಿದ್ದದ್ದನ್ನು ತಕ್ಷಣ ಹೇಳಿದವರಿಗೆ ಬೈಗುಳ ಇಲ್ಲ. ಮುಚ್ಚಿಟ್ಟರೆ ಕ್ರಮ ಖಂಡಿತ. ಬಿದ್ದ ಜಾಗ, ಹೊತ್ತು ಹೀಗೆ ಬರೆದಿಡುತ್ತಾ ಹೋದಾಗ ಒಂದು ವಿಷಯ ಹೊರಬಿತ್ತು. ಬೀಳುವುದು ಹೆಚ್ಚಾಗಿ ನಡುರಾತ್ರಿ ಕಳೆದ ಮೇಲೆ, ಬಾತ್‌ರೂಮ್ ದಾರಿಯಲ್ಲಿ. ಕೆಲವರಿಗೆ ಮೂತ್ರ ಹೆಚ್ಚು ಹೋಗಿಸುವ ಬಿಪಿ ಮಾತ್ರೆ ಸಂಜೆ ಕೊಡುತ್ತಿದ್ದೆವು. ಡಾಕ್ಟರ್ ಅದನ್ನು ಬೆಳಗಿನ ಹೊತ್ತಿಗೆ ಬದಲಿಸಿದರು. ದಾರಿಯುದ್ದಕ್ಕೂ ಸಣ್ಣ ಬಲ್ಬ್ ಹಾಕಿಸಿದೆವು. ಬೀಳುವುದು ನಿಂತಿಲ್ಲ, ಕಡಿಮೆಯಾಗಿದೆ. ಇದನ್ನು ಪತ್ತೆ ಮಾಡಿದ್ದು ನಾನಲ್ಲ, ರಾತ್ರಿ ಡ್ಯೂಟಿಯ ಒಬ್ಬ ಆಯಾ. ಮೊದಲಿನ ಹಾಗೆ ಬೈಗುಳ ಇದ್ದಿದ್ದರೆ ಅವಳು ಬಾಯಿ ಬಿಡುತ್ತಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ನನ್ನ ಹತ್ತಿರ ವಿನಾಯಿತಿ ಇಲ್ಲ. ಕೈ ಎತ್ತಿದರೆ ಕೆಲಸ ಹೋಯಿತು. ಮರೆವಿನ ಅಜ್ಜಿ ಸ್ನಾನಕ್ಕೆ ಬರಲ್ಲ ಅಂತ ಪರಚುತ್ತಾರೆ, ಉಗಿಯುತ್ತಾರೆ. ಸಿಟ್ಟು ಬರುವುದು ಸಹಜ. ಸಿಟ್ಟು ಬಂದರೆ ಅಲ್ಲಿಂದ ಹೊರಗೆ ಬಂದು ಇನ್ನೊಬ್ಬರನ್ನು ಕರೆಯಿರಿ, ಸ್ನಾನ ಸಂಜೆಗಾದರೂ ಆದೀತು ಅಂತ ಹೇಳಿಟ್ಟಿದ್ದೇನೆ. ಹಾಗೆ ಹೊರಗೆ ಬಂದವರನ್ನು ಯಾರೂ ಆಡಿಕೊಳ್ಳಬಾರದು. ಇಷ್ಟೆಲ್ಲ ಹೇಳಿದ ಮೇಲೂ ಒಬ್ಬಳು ಅಜ್ಜಿಯ ಕೆನ್ನೆಗೆ ಹೊಡೆದಳು. ಒಳ್ಳೆಯ ಕೆಲಸಗಾರ್ತಿ, ಮನೆಯಲ್ಲಿ ಕಷ್ಟ. ಅವಳ ಬಾಕಿ ಸಂಬಳ ಪೂರ್ತಿ ಕೊಟ್ಟು ಕಳಿಸಿದೆ. ಉಳಿದವರು ನನ್ನ ಜೊತೆ ಒಂದಷ್ಟು ದಿನ ಮಾತು ಬಿಟ್ಟರು. ಬಿಡಲಿ.

ಸಣ್ಣ ಬದಲಾವಣೆಗಳೂ ಇವೆ. ಆಯಾಗಳು ಸುತ್ತಲಿನ ಹಳ್ಳಿಗಳಿಂದ ಬರುವವರು. ಪಾಳಿ ಬದಲಾಗುವ ಹೊತ್ತನ್ನು ಬಸ್ಸಿನ ಹೊತ್ತಿಗೆ ಹೊಂದಿಸಿದೆವು. ತಡವಾಗಿ ಬರುವುದು ತಾನಾಗಿಯೇ ನಿಂತಿತು. ಯಾರಾದರೂ ತೀರಿಕೊಂಡ ದಿನ ಆ ಹಾಸಿಗೆಗೆ ಹೊಸಬರನ್ನು ತೆಗೆದುಕೊಳ್ಳುವುದಿಲ್ಲ. ವರ್ಷಗಟ್ಟಲೆ ಊಟ ಮಾಡಿಸಿದವಳು ಅಳಬೇಕಲ್ಲ, ಅದಕ್ಕೂ ಸಮಯ ಬೇಕು.

ಮಕ್ಕಳ ವಿಷಯಕ್ಕೆ ಬಂದರೆ, 2007ರ ಹಿರಿಯ ನಾಗರಿಕರ ಕಾಯ್ದೆ ಇದೆ. ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಿ ಜೀವನಾಂಶ ಕೇಳಬಹುದು. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ವಾಪಸ್ ಕೇಳಲೂ ದಾರಿಯಿದೆ. ಬಂದವರಿಗೆಲ್ಲ ಇದನ್ನು ಬಿಡಿಸಿ ಹೇಳುತ್ತೇವೆ. "ಮಗನ ಮೇಲೆ ಕೇಸಾ? ಬೇಡಮ್ಮ" ಅನ್ನುವವರೇ ಹೆಚ್ಚು. ನಮ್ಮ ಹುಡುಗಿಯರಿಗೆ ರಕ್ತ ಕುದಿಯುತ್ತದೆ. ಆದರೆ ಹಾಕುವುದು, ಬಿಡುವುದು ಅವರಿಷ್ಟ. ಒತ್ತಾಯ ಮಾಡಬೇಡಿ ಅಂತ ನಾನೇ ತಡೆಯುತ್ತೇನೆ.

ಬಗೆಹರಿಯದೆ ಉಳಿದಿರುವುದು ಸಂಬಳ. ಚೆನ್ನಾಗಿ ಪಳಗಿದ ಆಯಾಗಳನ್ನು ಬೆಂಗಳೂರಿನ ಹೋಮ್ ನರ್ಸಿಂಗ್ ಏಜೆನ್ಸಿಗಳು ಹೆಚ್ಚು ಸಂಬಳ ಕೊಟ್ಟು ಕರೆದೊಯ್ಯುತ್ತವೆ. ಹೋಗುವವರಿಗೆ ನಾನೇ ಒಳ್ಳೆಯ ಪತ್ರ ಬರೆದುಕೊಡುತ್ತೇನೆ, ಬೇರೇನು ಮಾಡಲಿ? ಮುಂದಿನ ಟ್ರಸ್ಟ್ ಮೀಟಿಂಗಿನಲ್ಲಿ ಗೇಟಿಗೆ ಕಮಾನು ಕಟ್ಟಿಸುವ ಮಾತಿದೆ. ದಾನಿ ಸಿಕ್ಕಿದ್ದಾರಂತೆ. ಕಮಾನು ಬಿಟ್ಟು ಆ ದುಡ್ಡನ್ನು ಸಂಬಳಕ್ಕೆ ಕೊಡುತ್ತಾರಾ ಅಂತ ಅವರನ್ನೇ ಕೇಳಬೇಕು. ಅದಕ್ಕೊಂದು ಹೊಸ ಹಾಳೆ ರೆಡಿ ಮಾಡಿಟ್ಟಿದ್ದೇನೆ.